ಬೋ ಬೆಂಕಿಪೊಟ್ಟಣ ಕಾರ್ಖಾನೆಯ ಮುಷ್ಕರದಲ್ಲಿ ಆನಿ ಬೆಸೆಂಟರ ಪಾತ್ರವೆಷ್ಟು?

ಪ್ರಶ್ನೆ:
ಆನಿ ಬೆಸೆಂಟರನ್ನು ನಾವು ಬಹುಮಟ್ಟಿಗೆ ಹೋಂ ರೂಲ್ ಚಳವಳಿಯ ಮೂಲಕವೇ ಬಲ್ಲೆವು. ಅವರು ಭಾರತಕ್ಕೆ ಬರುವ ಮೊದಲು, 1888ರಲ್ಲಿ, ಪೂರ್ವ ಲಂಡನ್ನಿನ ಬೋ ಪ್ರದೇಶದಲ್ಲಿದ್ದ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳಿಂದ ಮುಷ್ಕರ ಹೂಡಿಸಿ, ದವಡೆಯ ಮೂಳೆಯನ್ನೇ ಕೊಳೆಯಿಸುತ್ತಿದ್ದ ಬಿಳಿ ರಂಜಕದ ಬಳಕೆಯನ್ನು ನಿಲ್ಲಿಸಿದರೆಂದು ಓದಿದೆ. ಇದು ಎಷ್ಟರಮಟ್ಟಿಗೆ ನಿಜ?

ಉತ್ತರ 1:
ಮೊದಲ ಮಾತು ಅರ್ಧ ನಿಜ, ಎರಡನೆಯದು ನಿಜವಲ್ಲ. 1888ರ ಜೂನ್ 23ರಂದು ಬೆಸೆಂಟರು ತಮ್ಮ ‘ದಿ ಲಿಂಕ್’ ಪತ್ರಿಕೆಯಲ್ಲಿ ಈ ಕಾರ್ಖಾನೆಯ ಕುರಿತು ಬರೆದರು. ಷೇರುದಾರರಿಗೆ ಶೇಕಡಾ 20ಕ್ಕೂ ಮೀರಿದ ಲಾಭಾಂಶ ಹಂಚುವ ಕಂಪನಿಯು, ಕಾಲು ಕೊಳೆಯಾಗಿದ್ದರೂ ಕೆಲಸದ ನಡುವೆ ಮಾತನಾಡಿದರೂ ಹುಡುಗಿಯರ ಅಲ್ಪ ಕೂಲಿಯಲ್ಲಿ ದಂಡ ಮುರಿದುಕೊಳ್ಳುತ್ತದೆ ಎಂಬುದು ಅವರ ಆರೋಪವಾಗಿತ್ತು. ಆದರೆ ಅವರು ಕೇಳಿಕೊಂಡದ್ದು ಆ ಕಂಪನಿಯ ಬೆಂಕಿಪೊಟ್ಟಣಗಳನ್ನು ಕೊಳ್ಳಬೇಡಿರೆಂದು ಮಾತ್ರ. ಲೇಖನ ಸುಳ್ಳೆಂದು ಬರೆದ ಕಾಗದಕ್ಕೆ ಸಹಿ ಹಾಕುವಂತೆ ಆಡಳಿತವು ಒತ್ತಾಯಿಸಿದಾಗ ಒಲ್ಲೆವೆಂದವರು ಕೆಲಸಗಾರ್ತಿಯರು. ಅವರಲ್ಲೊಬ್ಬಳನ್ನು ತೆಗೆದುಹಾಕಿದ ಮೇಲೆ, ಜುಲೈ ಮೊದಲ ವಾರದಲ್ಲಿ, ಸುಮಾರು 1,400 ಮಂದಿ ಹೊರನಡೆದದ್ದೂ ಅವರದೇ ನಿರ್ಧಾರ. ನಿಧಿ ಸಂಗ್ರಹ, ಪಾರ್ಲಿಮೆಂಟಿನ ಸದಸ್ಯರ ಭೇಟಿ, ಪತ್ರಿಕೆಗಳ ಬೆಂಬಲ ಇವೆಲ್ಲದರಲ್ಲಿ ಬೆಸೆಂಟರ ಶ್ರಮ ದೊಡ್ಡದು. ಹಾಗಿದ್ದರೂ ಅವರನ್ನು ಮುಷ್ಕರದ ರೂವಾರಿಯೆನ್ನುವುದು ಓದುಬರಹ ಬಲ್ಲವರಿಗಷ್ಟೇ ನಾಯಕತ್ವವನ್ನು ಕೊಡುವ ನಮ್ಮ ಹಳೆಯ ಚಾಳಿಯೆಂದು ನನಗನ್ನಿಸುತ್ತದೆ.

ಉತ್ತರ 2:
ರಂಜಕದ ವಿಷಯವನ್ನು ಸೇರಿಸುತ್ತೇನೆ. ಸುಮಾರು ಎರಡು ವಾರಗಳ ಬಳಿಕ ಆದ ಒಪ್ಪಂದದಲ್ಲಿ ದಂಡಗಳು ರದ್ದಾದವು ಮತ್ತು ಊಟಕ್ಕೆ ಪ್ರತ್ಯೇಕ ಕೋಣೆಯ ಭರವಸೆ ದೊರೆಯಿತು. ಮದ್ದಿನ ಹಬೆ ತುಂಬಿದಲ್ಲೇ ಕುಳಿತು ಉಣ್ಣುತ್ತಿದ್ದವರಿಗೆ ಈ ಕೋಣೆ ಸಣ್ಣ ಸಂಗತಿಯಾಗಿರಲಿಲ್ಲ. ಬಿಳಿ ರಂಜಕ ಮಾತ್ರ ಉಳಿಯಿತು. ಕೆಂಪು ರಂಜಕವನ್ನು ಪೊಟ್ಟಣದ ಗೀರುಪಟ್ಟಿಗೆ ಬಳಿಯುವ ಸ್ವೀಡನ್ನಿನ ಸುರಕ್ಷಿತ ವಿಧಾನದ ಹಕ್ಕನ್ನು ಇದೇ ಕಂಪನಿ 1855ರಲ್ಲೇ ಕೊಂಡಿತ್ತು. ಆದರೂ ಎಲ್ಲಿ ಗೀರಿದರೂ ಹೊತ್ತಿಕೊಳ್ಳುವ ಅಗ್ಗದ ಕಡ್ಡಿಗೇ ಬೇಡಿಕೆ ಹೆಚ್ಚಿದ್ದುದರಿಂದ ಅದರ ತಯಾರಿಕೆಯನ್ನು ಬಿಡಲಿಲ್ಲ. 1891ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆಯು ಹತ್ತಿರದಲ್ಲೇ ಕೆಂಪು ರಂಜಕದ ಕಾರ್ಖಾನೆಯನ್ನು ತೆರೆದು ತೋರಿಸಿತು. 1898ರಲ್ಲಿ ದವಡೆರೋಗದ ಪ್ರಕರಣಗಳನ್ನು ಮುಚ್ಚಿಟ್ಟದ್ದಕ್ಕಾಗಿ ನ್ಯಾಯಾಲಯವು ಬ್ರಯಂಟ್ ಅಂಡ್ ಮೇಗೆ ದಂಡ ವಿಧಿಸಿತು. ಹುಡುಗಿಯರಿಗೆ ದಂಡ ಹಾಕುತ್ತಿದ್ದವರೇ ದಂಡ ತೆತ್ತರು! ಬೋ ಕಾರ್ಖಾನೆಯಲ್ಲಿ ಬಿಳಿ ರಂಜಕ ನಿಂತದ್ದು 1901ರಲ್ಲಿ, ಅಂದರೆ ಮುಷ್ಕರವಾಗಿ 13 ವರ್ಷಗಳ ಮೇಲೆ. ಬ್ರಿಟನ್ನಿನ ನಿಷೇಧ ಕಾಯ್ದೆ ಬಂದದ್ದು 1908ರಲ್ಲಿ.

ಪ್ರಶ್ನೆ ಕೇಳಿದವರು:
ವಿವರಗಳಿಗೆ ಧನ್ಯವಾದಗಳು. ಭಾರತದಲ್ಲಿ ಇಂಥ ನಿಷೇಧ ಯಾವಾಗ ಬಂತು? ಆ ಕಟ್ಟಡ ಈಗಲೂ ಇದೆಯೇ?

ಉತ್ತರ 3:
ಬಿಳಿ ರಂಜಕದ ಬೆಂಕಿಕಡ್ಡಿಗಳನ್ನು ನಿಷೇಧಿಸುವ ಭಾರತದ ಕಾಯ್ದೆ 1913ರದು. ಆಗ ನಮ್ಮಲ್ಲಿ ಮಾರಾಟವಾಗುತ್ತಿದ್ದ ಕಡ್ಡಿಗಳಲ್ಲಿ ಹೆಚ್ಚಿನವು ಜಪಾನ್ ಮತ್ತು ಸ್ವೀಡನ್ನಿನಿಂದ ಬರುತ್ತಿದ್ದವಾದ್ದರಿಂದ, ತಯಾರಿಕೆಯಷ್ಟೇ ಆಮದನ್ನು ತಡೆಯುವುದೂ ಮುಖ್ಯವಾಗಿತ್ತು. ಬೋ ಕಾರ್ಖಾನೆ 1979ರಲ್ಲಿ ಮುಚ್ಚಿತು. ಕಟ್ಟಡಗಳನ್ನು ಕೆಡವದೆ ವಸತಿ ಸಮುಚ್ಚಯವಾಗಿ ಮಾರ್ಪಡಿಸಿದ್ದಾರೆ.