‘ಎಲ್ಲಿಗೆ ಕೊಟ್ಟಿದ್ದು?’ ಅಂದಾಗ ಯಾವ ಊರು ಹೇಳಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮ ಸಾಗರದ ಕಡೆ ಮದುವೆಯಾದ ಹೆಣ್ಣುಮಗಳ ಬಗ್ಗೆ ವಿಚಾರಿಸುವಾಗ ‘ಎಲ್ಲಿಗೆ ಕೊಟ್ಟಿದ್ದು?’ ಅಂತ ಕೇಳುತ್ತೇವೆ. ‘ಯಾರಿಗೆ’ ಅಂತ ಕೇಳುವುದು ಕಡಿಮೆ. ಕೊಡುವುದು ಅಂದಮೇಲೆ ತಗೊಳ್ಳುವವರು ಒಬ್ಬರು ಇರಬೇಕಲ್ವಾ? ಇಲ್ಲಿ ಅವರ ಜಾಗದಲ್ಲಿ ಊರೇ ಬಂದು ಕೂತಿದೆ. ‘ತುಮರಿಗೆ ಕೊಟ್ಟಿದ್ದಾರೆ’, ‘ಘಟ್ಟದ ಕೆಳಗೆ ಕೊಟ್ಟಿದ್ದಾರೆ’. ಗಂಡಿನ ಕಡೆಯವರನ್ನಾದರೆ ‘ಹೆಣ್ಣು ಎಲ್ಲಿಂದ ತಂದಿದ್ದು?’ ಅನ್ನುತ್ತೇವೆ.

ಈ ಮಾತಿನಲ್ಲಿ ದೂರವೂ ಸೇರಿಕೊಂಡಿದೆ. ಆಗುಂಬೆಗೆ ಸೋಮೇಶ್ವರ ಹತ್ತಿರವೇ. ಆದರೆ ನಡುವೆ 14 ತಿರುವಿನ ಘಟ್ಟ ಇದೆಯಲ್ಲ, ‘ಕೆಳಗೆ ಕೊಟ್ಟಿದ್ದು’ ಅಂದಕೂಡಲೇ ದೂರ ಅನ್ನಿಸಿಬಿಡುತ್ತದೆ. ನಮ್ಮ ಅತ್ತೆಯನ್ನು ಕೊಟ್ಟಿದ್ದು ಹೊಳೆಯಾಚೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಹೊಳೆ ಅಂದರೆ ಶರಾವತಿಯ ಹಿನ್ನೀರು. ಅದನ್ನು ದಾಟಲು ಲಾಂಚ್, ಅಂದರೆ ಯಂತ್ರದ ದೋಣಿ, ಹತ್ತಬೇಕಿತ್ತು. ಹಬ್ಬಕ್ಕೆ ತವರಿಗೆ ಬಂದರೆ ಅವರ ಕಣ್ಣು ಗಡಿಯಾರದ ಮೇಲೇ ಇರುತ್ತಿತ್ತು. ಪಾಯಸ ಬಡಿಸುವ ಹೊತ್ತಿಗೆ ‘ಲಾಂಚ್ ತಪ್ಪುತ್ತೆ’ ಅಂತ ಏಳುತ್ತಿದ್ದರು. ಅಜ್ಜಿ ಹೋಳಿಗೆಯನ್ನು ಬಾಳೆಲೆಯಲ್ಲಿ ಸುತ್ತಿ ಬಸ್ಸಿನ ಕಿಟಕಿಯಿಂದ ಅವರ ಮಡಿಲಿಗೆ ಹಾಕುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಈಗ ಅವರು ಸಂಜೆ ಕಾಫಿ ಕುಡಿದೇ ಹೊರಡುತ್ತಾರೆ. ಮಾತು ಮಾತ್ರ ಹಾಗೇ ಇದೆ: ‘ನನ್ನ ಹೊಳೆಯಾಚೆ ಕೊಟ್ಟಿದ್ದು.’

ನನ್ನ ಪ್ರಶ್ನೆ ಹುಟ್ಟಿದ್ದು ಮಗಳ ಮದುವೆಯಾದಮೇಲೆ. ಅಳಿಯನ ಮನೆ ಹೊಸನಗರದ ಹತ್ತಿರ. ಇಬ್ಬರಿಗೂ ಕೆಲಸ ಬೆಂಗಳೂರಿನಲ್ಲಿ. ಪಕ್ಕದ ಮನೆಯವರು ‘ಎಲ್ಲಿಗೆ ಕೊಟ್ರಿ?’ ಅಂದಾಗ ನಾನು ‘ಬೆಂಗಳೂರಿಗೆ’ ಅಂದೆ. ಅದೇ ಉಸಿರಿಗೆ ನನ್ನ ಹೆಂಡತಿ ‘ಹೊಸನಗರಕ್ಕೆ’ ಅಂದಳು. ಮಗಳಿಗೆ ಹೇಳಿದರೆ, ‘ನಾಲ್ಕು ವರ್ಷದಿಂದ ನಾನು ಬೆಂಗಳೂರಲ್ಲೇ ಇದ್ದೀನಲ್ಲ ಅಪ್ಪ, ಎಲ್ಲಿಗೂ ಹೋಗ್ಲೇ ಇಲ್ಲ’ ಅಂದಳು. ಅವಳ ಮಾತೂ ಸರಿಯೇ.

ಹಾಗಾದರೆ ‘ಕೊಟ್ಟ ಊರು’ ಅಂದರೆ ಅತ್ತೆಮನೆ ಇರುವ ಊರೋ, ಸಂಸಾರ ಹೂಡಿದ ಊರೋ? ನನಗೆ ಹೆಂಡತಿಯ ಉತ್ತರವೇ ಹಳೆಯ ಅರ್ಥಕ್ಕೆ ಹತ್ತಿರ ಅನ್ನಿಸುತ್ತದೆ. ಕೊಡುವುದು ಮನೆಗೆ, ಆ ಮನೆ ಯಾವ ಊರಿನದೋ ಆ ಊರು. ಈಚೆಗೆ ಕೆಲವರು ‘ಮಗಳು ಎಲ್ಲಿರೋದು?’ ಅಂತಷ್ಟೇ ಕೇಳುತ್ತಾರೆ, ‘ಕೊಡು’ ಬಿಟ್ಟೇ ಹೋಗಿದೆ. ತೀರ್ಥಹಳ್ಳಿ, ಸೊರಬ, ಕೊಪ್ಪದ ಕಡೆಯವರು ಏನಂತೀರಿ? ನಿಮ್ಮ ಮನೆಯಲ್ಲಿ ಹಿರಿಯರು ಆಡುವ ಮಾತನ್ನು ಇದ್ದ ಹಾಗೇ ಬರೆದು ಕಳಿಸಿ.