ಗಿರಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತೆ, ಕೂಲೆಂಟ್ ಎಲ್ಲಿ ಹೋಗ್ತಿದೆ?

ಚಿಕ್ಕಮಗಳೂರಿನವ:
ನಮ್ಮದು ಹಳೇ ಪೆಟ್ರೋಲ್ ಕಾರು. ಪೇಟೆಯೊಳಗೆ ಓಡಾಡುವಾಗ ಏನೂ ತೊಂದರೆ ಇಲ್ಲ. ನೆಂಟರು ಬಂದರೆ ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗಬೇಕಲ್ಲ, ಆಗ ಶುರು. ಕೈಮರ ದಾಟಿ ಫಸ್ಟು, ಸೆಕೆಂಡು ಗೇರಿನಲ್ಲಿ ಹತ್ತುವಾಗ ಮುಳ್ಳು ಅರ್ಧ ದಾಟುತ್ತದೆ. ಮನೆಗೆ ಬಂದು ನೋಡಿದರೆ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಡಿಮೆ. ಸದ್ಯಕ್ಕೆ ನಲ್ಲಿ ನೀರು ತುಂಬಿಸ್ತಾ ಇದ್ದೀನಿ. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ. ಗ್ಯಾರೇಜಿಗೆ ಬಿಡುವ ಮೊದಲು ನಾನೇ ಏನು ನೋಡಬಹುದು?

ಡಿಪೋ ಅಣ್ಣ, ಹಾಸನ:
ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ ಮಾರಾಯ್ರೆ. ಬಟ್ಟೆ ಸುತ್ತಿಕೊಂಡೂ ಬೇಡ. ಒಳಗೆ ಒತ್ತಡ ಇರುವುದರಿಂದಲೇ ಆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದರೆ ಒತ್ತಡ ಇಳಿದು, ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತದೆ. ಬಸ್ ಡಿಪೋದಲ್ಲಿ ಹೊಸ ಹುಡುಗರು ಬಂದರೆ ಸ್ಪ್ಯಾನರ್ ಕೊಡುವ ಮೊದಲು ಇದನ್ನೇ ಹೇಳ್ತಿದ್ದೆ.

ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಬಾನೆಟ್ ಎತ್ತಿ. ಕೀ ಜೇಬಿನಲ್ಲಿರಲಿ. ಬಿಸಿ ಉಳಿದಿದ್ದರೆ ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಇದ್ದರೂ ಫ್ಯಾನ್ ತಿರುಗುತ್ತದೆ, ಅದರ ಹತ್ತಿರ ಬೆರಳು ಒಯ್ಯಬೇಡಿ.

ಹನಿ ಬಿದ್ದಿಲ್ಲ ಅಂದರೆ ಸೋರುತ್ತಿಲ್ಲ ಅಂತಲ್ಲ. ಬಿಸಿ ಇಂಜಿನ್ ಮೇಲೆ ಜಿನುಗಿದ್ದು ಅಲ್ಲೇ ಆರಿಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ. ಟಾರ್ಚ್ ಬಿಟ್ಟು ಹೋಸ್ ಕ್ಲಿಪ್‌ಗಳ ಬುಡ, ವಾಟರ್ ಪಂಪಿನ ಕೆಳಗೆ, ರೇಡಿಯೇಟರ್ ಅಂಚು ನೋಡಿ. ಒಣಗಿದ ಬಿಳಿ ಪುಡಿ, ಇಲ್ಲವೇ ಹಾಕಿದ ಕೂಲೆಂಟಿನ ಬಣ್ಣದ ಗೆರೆ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಮುಚ್ಚಳದ ಒಳಗಿನ ರಬ್ಬರನ್ನೂ ಬೆರಳಲ್ಲಿ ಒತ್ತಿ ನೋಡಿ. ಕಲ್ಲಾಗಿದ್ದರೆ ಒತ್ತಡ ಹಿಡಿಯಲ್ಲ. ಅದನ್ನು ಬದಲಿಸುವುದು ಸಣ್ಣ ಖರ್ಚು.

ಆಮೇಲೆ ಆಯಿಲ್ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡಿ, ಗಾಡಿ ಸಮತಟ್ಟಾದ ಜಾಗದಲ್ಲಿರಲಿ (ನಿಮ್ಮೂರಲ್ಲಿ ಅದೇ ಕಷ್ಟ ಅಲ್ವಾ!). ಆಯಿಲ್ ಹಾಲು ಹಾಕಿದ ಕಾಫಿ ಥರ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ಡು, ಬ್ಲಾಕು ಸೇರುವಲ್ಲಿರುವ ಸೀಲು) ಹೋಗಿರುವ ಅನುಮಾನ, ಗಾಡಿ ಓಡಿಸಲೇಬೇಡಿ. ಆಯಿಲ್ ಹಾಕುವ ಮುಚ್ಚಳದಡಿ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಹತ್ತಿರ ಹತ್ತಿರವೇ ಓಡಾಡುವ ಗಾಡಿಗಳಲ್ಲಿ ತೇವ ಕಟ್ಟಿ ಹಾಗಾಗುತ್ತದೆ.

ನಲ್ಲಿ ನೀರು ಸಾಕು ಮಾಡಿ. ಉಪ್ಪಿನಂಶ ರೇಡಿಯೇಟರ್ ಒಳಗೆ ಕಟ್ಟಿಕೊಳ್ಳುತ್ತದೆ, ತುಕ್ಕು ತಡೆಯುವ ಶಕ್ತಿಯೂ ಹೋಗುತ್ತದೆ.

ಆಲ್ದೂರು ತೋಟದವಳು:
ರೇಡಿಯೇಟರ್ ಮುಂದೆ ಎಲೆ, ಕೆಸರು ಕೂತಿದೆಯಾ ಅಂತಲೂ ನೋಡಿ. ತೋಟದ ರಸ್ತೆಯಲ್ಲಿ ಓಡೋ ನಮ್ಮ ಜೀಪಿಗೆ ಅದೇ ಆಗೋದು. ಜೋರು ಪ್ರೆಶರ್ ನೀರು ಬಿಡಬೇಡಿ, ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇನ್ನೊಂದು, ತೆಗೆದ ಕೂಲೆಂಟನ್ನು ಬೋಗುಣಿಯಲ್ಲಿ ಹಾಗೇ ಇಡಬೇಡಿ. ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಸತ್ತೇ ಹೋಗಬಹುದು.

ಚಿಕ್ಕಮಗಳೂರಿನವ:
ಸಿಕ್ಕಿತು ಅಣ್ಣ! ಮೇಲಿನ ಹೋಸ್ ಕ್ಲಿಪ್ಪಿನ ಕೆಳಗೆ ಹಸಿರು ಗೆರೆ. ಸ್ಕ್ರೂ ಬಿಗಿ ಮಾಡಿದರೆ ಸಾಕಾ?

ಡಿಪೋ ಅಣ್ಣ, ಹಾಸನ:
ಹೋಸ್ ತುದಿ ಊದಿಕೊಂಡು ಮೆತ್ತಗಾಗಿದ್ದರೆ ಬಿಗಿ ಮಾಡಿದಷ್ಟೂ ಹೋಸೇ ಸೀಳುತ್ತದೆ. ಹೋಸು, ಕ್ಲಿಪ್ಪು ಎರಡೂ ಬದಲಿಸಿಬಿಡಿ. ಹಳೇ ಕೂಲೆಂಟನ್ನು ಪೂರ್ತಿ ಇಳಿಸಿ, ಗಾಡಿ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ತುಂಬಿಸಿ, ಒಳಗಿನ ಗಾಳಿ ತೆಗೆಸಿ. ಆಮೇಲೆ ಒಂದು ವಾರ ದಿನಾ ಬೆಳಿಗ್ಗೆ ಕೂಲೆಂಟ್ ಡಬ್ಬಿ ನೋಡಿ. ಮತ್ತೆ ಇಳಿದರೆ ಪಂಪ್ ಕಡೆ ಟಾರ್ಚ್ ಬಿಡಿ.