ಊರಿನ ಹಳೆಯ ಮನೆಯಲ್ಲಿ ಬರಹಗಾರರಿಗೂ ಕಲಾವಿದರಿಗೂ ರೆಸಿಡೆನ್ಸಿ ನಡೆಸುವುದು ಹೇಗೆ?

ಪ್ರಶ್ನೆ (ಶಿಡ್ಲಘಟ್ಟ ತಾಲ್ಲೂಕಿನಿಂದ)

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಸಮೀಪದ ನಮ್ಮ ಊರಿನಲ್ಲಿ ತಾತನ ಕಾಲದ ತೊಟ್ಟಿಮನೆಯೊಂದಿದೆ. ಸುತ್ತ ನಾಲ್ಕು ಕೋಣೆಗಳು, ಮುಂದೆ ಕಲ್ಲಿನ ಜಗುಲಿ. ಹಿತ್ತಲಿನಾಚೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ರೇಷ್ಮೆ ಸಾಕುತ್ತಿದ್ದ ಉದ್ದನೆಯ ಹುಳು ಮನೆ. ತಂದೆಯವರು ತೀರಿಕೊಂಡ ಮೇಲೆ ಹುಳು ಮೇಯಿಸುವುದನ್ನು ನಿಲ್ಲಿಸಿದ್ದೇವೆ, ತೋಟವನ್ನು ಪಕ್ಕದವರು ವಾರಕ್ಕೆ (ಬೆಳೆಯ ಪಾಲಿಗೆ) ಮಾಡುತ್ತಿದ್ದಾರೆ. ಮನೆಯನ್ನು ಮಾರುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ, ಬೀಗ ಹಾಕಿ ಬಿಡುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ.

ಕನ್ನಡದಲ್ಲಿ ಬರೆಯುವವರು, ಚಿತ್ರ ಮತ್ತು ಶಿಲ್ಪ ಮಾಡುವವರು ಕೆಲವು ವಾರ ಬಂದು ಉಳಿದು ತಮ್ಮ ಕೆಲಸವನ್ನು ನಿಶ್ಚಿಂತೆಯಿಂದ ಮಾಡಿಕೊಂಡು ಹೋಗುವಂತೆ ಈ ಜಾಗವನ್ನು ರೆಸಿಡೆನ್ಸಿಯಾಗಿ ಸಜ್ಜುಗೊಳಿಸಬೇಕೆಂಬುದು ನನ್ನ ಮತ್ತು ನನ್ನ ತಂಗಿಯ ಆಸೆ. ಇಬ್ಬರಿಗೂ ನೌಕರಿ ಇರುವುದರಿಂದ ಹೆಚ್ಚು ಬಿಡುವಿಲ್ಲ, ಕೈಯಲ್ಲಿ ಹೆಚ್ಚು ಹಣವೂ ಇಲ್ಲ, ಆದರೆ ಊರಿನಲ್ಲಿ ಅಡುಗೆ ಮಾಡಿಕೊಡುವವರು ಇದ್ದಾರೆ. ಬರಹಗಾರರನ್ನೂ ಕಲಾವಿದರನ್ನೂ ಒಟ್ಟಿಗೆ ಕರೆಯಬಹುದೇ? ಬಂದವರಿಂದ ಶುಲ್ಕ ಪಡೆಯುವುದು ಸರಿಯೇ? ಯಾರನ್ನು ಕರೆಯಬೇಕೆಂದು ಹೇಗೆ ನಿರ್ಧರಿಸುವುದು? ಇಂತಹ ಕಡೆಗಳಲ್ಲಿ ಇದ್ದು ಬಂದವರು, ಕೆಲಸ ಮಾಡಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 (ತುಮಕೂರಿನಿಂದ, ನಿವೃತ್ತ ಕನ್ನಡ ಅಧ್ಯಾಪಕ)

ತಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ಅವಕ್ಕೂ ಮೊದಲು ತೀರ್ಮಾನವಾಗಬೇಕಾದ ವಿಷಯವೊಂದಿದೆ. ಬರುವ ವ್ಯಕ್ತಿಗೆ ನೀವು ಕೊಡುತ್ತಿರುವುದು ಕೋಣೆಯಲ್ಲ, ಯಾರೂ ಬಂದು ಕದಲಿಸದ ಹೊತ್ತು. ಕೋಣೆ, ಊಟ, ಮೇಜು, ದೀಪ ಎಲ್ಲವೂ ಆ ಹೊತ್ತನ್ನು ಕಾಯುವುದಕ್ಕಾಗಿ ಇರುವಂಥವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದಕ್ಕೆ ಖರ್ಚು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 1907ರಲ್ಲಿ ಆರಂಭವಾದ ಮ್ಯಾಕ್‌ಡೊವೆಲ್ ಎಂಬ ಇಂತಹದೇ ರೆಸಿಡೆನ್ಸಿ ಇಂದಿಗೂ ನಡೆಯುತ್ತಿದೆ. ಸಂಗೀತ ರಚನಕಾರ ಎಡ್ವರ್ಡ್ ಮ್ಯಾಕ್‌ಡೊವೆಲ್ ಅವರ ಹೊಲಮನೆಯೇ ಅದರ ಮೂಲ. ಮರುವರ್ಷವೇ ಅವರು ತೀರಿಕೊಂಡರು. ಪಿಯಾನೊ ವಾದಕಿಯಾಗಿದ್ದ ಅವರ ಪತ್ನಿ ಮರಿಯನ್ ಊರೂರು ಸುತ್ತಿ ಕಛೇರಿ ಕೊಟ್ಟು ಹಣ ಕೂಡಿಸಿ ಅದನ್ನು ಉಳಿಸಿದರು. ಅಲ್ಲಿ ಕಾಡಿನ ನಡುವೆ ಬಿಡಿಬಿಡಿಯಾಗಿ ಕಟ್ಟಿದ ಸ್ಟುಡಿಯೊಗಳಿವೆ, ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು ಸ್ಟುಡಿಯೊದ ಬಾಗಿಲಿಗೆ ತಲುಪಿಸುತ್ತಾರೆ. ನ್ಯೂಯಾರ್ಕ್ ರಾಜ್ಯದ ಯಾಡೊ ಎಂಬ ಇನ್ನೊಂದು ಹಳೆಯ ಸಂಸ್ಥೆಯಲ್ಲಿ ಹಗಲಿನ ಬಹುಪಾಲು ಹೊತ್ತು ಮೌನದ ಅವಧಿ; ಆಗ ಒಬ್ಬರ ಕೋಣೆಗೆ ಇನ್ನೊಬ್ಬರು ಕರೆಯದೆ ಹೋಗುವಂತಿಲ್ಲ. ಇವುಗಳಿಗೆ ದೊಡ್ಡ ನಿಧಿಗಳ ಬೆಂಬಲವಿದೆ ಎಂಬುದು ನಿಜವೇ, ಆದರೆ ಊಟದ ಬುಟ್ಟಿಗೂ ಮೌನದ ನಿಯಮಕ್ಕೂ ನಿಧಿ ಬೇಕಾಗಿಲ್ಲ. ನಿಮ್ಮ ಅಡುಗೆಯವರು ಮುದ್ದೆ, ಬಸ್ಸಾರನ್ನು ಡಬ್ಬಿಗೆ ಹಾಕಿ ಜಗುಲಿಯ ಮೇಲಿಟ್ಟು ಹೋದರೆ ಸಾಕು. ರಾತ್ರಿಯ ಊಟವನ್ನು ಮಾತ್ರ ಎಲ್ಲರೂ ತೊಟ್ಟಿಯ ಸುತ್ತ ಕುಳಿತು ಮಾಡಲಿ, ಮಾತುಕತೆಗೆ ಅದೇ ಸರಿಯಾದ ಸಮಯ.

ನಮ್ಮ ಸಮೀಪದ ಉದಾಹರಣೆ ಸಂಗಮ್ ಹೌಸ್. 2008ರಲ್ಲಿ ಆರಂಭವಾದ ಈ ಬರಹಗಾರರ ರೆಸಿಡೆನ್ಸಿ ಸ್ವಂತ ಕಟ್ಟಡಕ್ಕಾಗಿ ಕಾಯಲಿಲ್ಲ. ಮೊದಲು ಪುದುಚೇರಿಯ ಬಳಿಯ ಆದಿಶಕ್ತಿ ರಂಗತಂಡದ ಆವರಣದಲ್ಲಿ, ಆಮೇಲೆ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ನಡೆಯಿತು. ಭಾರತೀಯ ಭಾಷೆಗಳಲ್ಲಿ ಬರೆಯುವವರನ್ನೂ ವಿದೇಶಿ ಲೇಖಕರ ಜೊತೆಗೆ ಕರೆದು ಕೂರಿಸಿದ್ದು ಅದರ ದೊಡ್ಡ ಕೆಲಸ ಎಂದು ನಾನು ಭಾವಿಸಿದ್ದೇನೆ. ಆದರೂ ಇಂತಹ ಬಹುತೇಕ ಕಡೆ ಅರ್ಜಿಯೂ ಪತ್ರವ್ಯವಹಾರವೂ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಪಾವಗಡದಲ್ಲೋ ಚಿಂತಾಮಣಿಯಲ್ಲೋ ಕುಳಿತು ಒಳ್ಳೆಯ ಕಥೆ ಬರೆಯುತ್ತಿರುವ ಹುಡುಗ ಅಥವಾ ಹುಡುಗಿ ಅರ್ಜಿಯ ಮೊದಲ ಪುಟದಲ್ಲೇ ಹಿಂದೆ ಸರಿಯುತ್ತಾರೆ. ನಿಮ್ಮ ಅರ್ಜಿ ಕನ್ನಡದಲ್ಲಿರಲಿ, ಕೈಬರಹದಲ್ಲಿ ಬಂದರೂ ಸ್ವೀಕರಿಸಿ. ಹತ್ತು ಹದಿನೈದು ಪುಟಗಳ ಮಾದರಿ ಬರಹ, ಇಲ್ಲಿದ್ದು ಏನು ಮಾಡಬೇಕೆಂದಿದ್ದಾರೆ ಎಂಬ ಒಂದು ಪುಟದ ಟಿಪ್ಪಣಿ, ಇಷ್ಟು ಸಾಕು. ಪ್ರಶಸ್ತಿಗಳ ಪಟ್ಟಿಯನ್ನು ಕೇಳಬೇಡಿ. ಆಯ್ಕೆ ಮಾಡುವವರು ಮೂವರಿರಲಿ ಮತ್ತು ಪ್ರತಿ ವರ್ಷ ಬದಲಾಗುತ್ತಿರಲಿ, ಇಲ್ಲವಾದರೆ ಒಂದೇ ಬಳಗದವರು ಸುತ್ತಿ ಸುತ್ತಿ ಬರುವ ಜಾಗವಾಗಿಬಿಡುತ್ತದೆ.

ಉತ್ತರ 2 (ಕೋಲಾರದಿಂದ, ಮುದ್ರಣಕಲೆಯಲ್ಲಿ ಕೆಲಸ ಮಾಡುವವನು)

ಮೇಷ್ಟ್ರು ಬರಹಗಾರರ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ಬರಹಗಾರರನ್ನೂ ಕಲಾವಿದರನ್ನೂ ಒಟ್ಟಿಗೆ ಕರೆಯಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಕರೆಯಬಹುದು, ಆದರೆ ಎಲ್ಲ ಬಗೆಯ ಕಲಾವಿದರನ್ನೂ ಅಲ್ಲ. ಬರಹಗಾರರಿಗೆ ಕೋಣೆಯೊಂದಿದ್ದರೆ ಕೆಲಸ ನಡೆಯುತ್ತದೆ. ನಮ್ಮ ಕೆಲಸಕ್ಕೆ ನೆಲ, ನೀರು, ಗಾಳಿ, ಬೆಳಕು, ಕರೆಂಟು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಲ್ಲು ಕೆತ್ತುವವರು ಬಂದರೆ ಪಕ್ಕದ ಕೋಣೆಯಲ್ಲಿ ಕವಿಗೆ ಒಂದು ಸಾಲನ್ನೂ ಬರೆಯಲಾಗುವುದಿಲ್ಲ. ಮಣ್ಣಿನ ಕೆಲಸದವರು ಮಣ್ಣನ್ನು ಸುಡಲು ವಿದ್ಯುತ್ ಗೂಡು ಕೇಳಿದರೆ ತ್ರೀ ಫೇಸ್ ಸಂಪರ್ಕ ಬೇಕಾಗಬಹುದು.

ನಿಮ್ಮ ಹುಳು ಮನೆ ಒಳ್ಳೆಯ ಸ್ಟುಡಿಯೊ ಆಗಬಲ್ಲದು. ಎತ್ತರದ ಮಾಡು, ಎದುರುಬದುರು ಕಿಟಕಿ, ಒಳಗೆ ತಡೆಗೋಡೆಯಿಲ್ಲದ ಉದ್ದನೆಯ ಜಾಗ, ಇವೆಲ್ಲ ಹುಳುವಿಗಾಗಿ ಮಾಡಿದ್ದರೂ ಚಿತ್ರಕಾರರಿಗೂ ಬೇಕಾದಂಥವೇ. ಸೋಂಕು ತೊಳೆಯಲು ನೀವು ಫಾರ್ಮಾಲಿನ್, ಬ್ಲೀಚಿಂಗ್ ಪುಡಿ ಬಳಸಿರುತ್ತೀರಿ. ಹಾಗಾಗಿ ಗೋಡೆ, ನೆಲವನ್ನು ಚೆನ್ನಾಗಿ ತೊಳೆದು, ಬಿಸಿಲು ಗಾಳಿಗೆ ಬಿಟ್ಟು, ಸುಣ್ಣ ಬಳಿಯಿರಿ. ಬೆಳಕಿನ ವಿಚಾರದಲ್ಲಿ ಉತ್ತರದ ಕಿಟಕಿಯೇ ಒಳ್ಳೆಯದು ಎಂದು ಪಾಶ್ಚಾತ್ಯ ಪುಸ್ತಕಗಳೆಲ್ಲ ಹೇಳುತ್ತವೆ, ಏಕೆಂದರೆ ಅವರ ದೇಶಗಳಲ್ಲಿ ನಡುಹಗಲಿನ ಸೂರ್ಯ ಎಂದೂ ಉತ್ತರಕ್ಕೆ ದಾಟುವುದಿಲ್ಲ. ನಮ್ಮ ಸೀಮೆ ಇರುವುದು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ, ಬೆಳಿಗ್ಗೆ ಸಂಜೆಯ ಓರೆ ಬಿಸಿಲೂ ಆ ಕಡೆಯಿಂದಲೇ ಬರುತ್ತದೆ. ಆದ್ದರಿಂದ ಉತ್ತರದ ಕಿಟಕಿಗೆ ಅಗಲವಾದ ಸಜ್ಜವನ್ನೂ ಬಿಳಿ ಬಟ್ಟೆಯ ಪರದೆಯನ್ನೂ ಹಾಕಿಸಲೇಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಪಕ್ಕದವರು ತೋಟ ಮಾಡುತ್ತಿದ್ದಾರೆಂದರೆ ಅವರೂ ಹುಳು ಮೇಯಿಸುತ್ತಿರಬೇಕು. ರೇಷ್ಮೆ ಹುಳು ವಿಷದ ಗಾಳಿಯನ್ನು ತಡೆದುಕೊಳ್ಳುವುದಿಲ್ಲ. ಲೋಹದ ತಗಡನ್ನು ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ಎಚಿಂಗ್‌ಗೆ ನೈಟ್ರಿಕ್ ಆಮ್ಲ ಬಳಸುವವರು, ಬಣ್ಣವನ್ನು ಸ್ಪ್ರೇ ಮಾಡುವವರು ಬಂದರೆ ಒಬ್ಬ ಅತಿಥಿಯ ಕೆಲಸಕ್ಕಾಗಿ ನೆರೆಯವರ ಒಂದಿಡೀ ಬೆಳೆ ಹೋಗಬಹುದು, ಅದರೊಂದಿಗೆ ಊರಿನ ವಿಶ್ವಾಸವೂ ಹೋಗುತ್ತದೆ. ಅಂತಹ ಕೆಲಸಗಳನ್ನು ಇಲ್ಲಿ ಮಾಡುವಂತಿಲ್ಲ ಎಂದು ಅರ್ಜಿಯಲ್ಲೇ ಬರೆಯಿರಿ. ಮರದ ಅಚ್ಚು, ಲಿನೋ ಅಚ್ಚು, ರೇಖಾಚಿತ್ರ, ಜಲವರ್ಣ, ಬಟ್ಟೆಯ ಕೆಲಸ ಮಾಡುವವರು ನಿಶ್ಚಿಂತೆಯಿಂದ ಬರಬಹುದು. ತೊಳೆದ ಬಣ್ಣದ ನೀರನ್ನು ತೋಟದ ಕಾಲುವೆಗೆ ಬಿಡಬಾರದು, ಅದಕ್ಕೆ ಬೇರೆ ಗುಂಡಿ ತೆಗೆಸಿ.

ಊರಿನ ಜೊತೆಗಿನ ನಂಟು ಹೇಗಿರಬೇಕೆಂದು ನೋಡಬೇಕಾದರೆ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿರುವ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೆ ಒಂದು ಹುಣ್ಣಿಮೆಯ ರಾತ್ರಿ ಬನ್ನಿ. ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆ ಜಾಗದಲ್ಲಿ ‘ಹುಣ್ಣಿಮೆ ಹಾಡು’ ನಡೆಯುತ್ತದೆ, ಸುತ್ತಲಿನವರು ಬೆಟ್ಟ ಹತ್ತಿ ಬಂದು ಕೂರುತ್ತಾರೆ. ಅದು ನೀವು ಹೇಳುವ ಅರ್ಥದ ರೆಸಿಡೆನ್ಸಿಯಲ್ಲ, ಆದರೆ ಹಳ್ಳಿಯವರು ತಮ್ಮದೆಂದುಕೊಂಡ ಕಲೆಯ ಜಾಗ ಹೇಗಿರುತ್ತದೆಂದು ಅಲ್ಲಿ ಕಣ್ಣಾರೆ ಕಾಣಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪಕ್ಕದವರು ಹುಳು ಮೇಯಿಸುತ್ತಿರುವುದು ನಿಜ, ಅವರ ಹುಳು ಮನೆ ನಮ್ಮದರಿಂದ ಕೂಗಳತೆಯಲ್ಲಿದೆ. ಆಮ್ಲದ ಕೆಲಸಕ್ಕೆ ಅವಕಾಶ ಕೊಡಬಾರದೆಂದು ನಾನೂ ತಂಗಿಯೂ ನಿರ್ಧರಿಸಿದ್ದೇವೆ. ಹಣ ಮತ್ತು ಕಾನೂನಿನ ಬಗ್ಗೆ ಯಾರಾದರೂ ತಿಳಿಸುವಿರಾ?

ಉತ್ತರ 3 (ಚಿಕ್ಕಬಳ್ಳಾಪುರದಿಂದ, ಲೆಕ್ಕಪತ್ರದ ಕೆಲಸದವರು)

ಮೊದಲ ವರ್ಷ ಸಂಸ್ಥೆಯನ್ನು ನೋಂದಾಯಿಸುವ ಆತುರ ಬೇಡ. ಇಬ್ಬರು ಮೂವರನ್ನು ಮನೆಯ ಅತಿಥಿಗಳಾಗಿ ಕರೆದು ಖರ್ಚಿನ ಲೆಕ್ಕವನ್ನು ಬರೆದಿಡಿ. ದಾನ ಪಡೆಯುವ ಯೋಚನೆಯಿದ್ದರೆ ಆಮೇಲೆ ಟ್ರಸ್ಟ್ ನೋಂದಾಯಿಸಿ, ಆದಾಯ ತೆರಿಗೆ ಇಲಾಖೆಯಿಂದ ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ (80ಜಿ ಎಂದು ಹೆಸರಾದದ್ದು) ಪಡೆದರೆ ಕೊಡುವವರಿಗೂ ಅನುಕೂಲ. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿಯಲ್ಲಿ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ, ನೋಂದಣಿಗೆ ಸಂಸ್ಥೆ ಕನಿಷ್ಠ ಮೂರು ವರ್ಷ ನಡೆದಿರಬೇಕು. ವಿದೇಶಿಯರು ಬಂದು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ಸಲ್ಲಿಸುವ ಹೊಣೆ ಮನೆಯವರದು.

ಶುಲ್ಕದ ಬಗ್ಗೆ: ಬಾಡಿಗೆ ಪಡೆದು ಸ್ಟುಡಿಯೊ ಕೊಡುವ ಪದ್ಧತಿ ಪ್ಯಾರಿಸ್‌ನ ಸಿತೆ ಆಂತರ್‌ನ್ಯಾಷನಲ್ ದೆಜಾರ್‌ ಎಂಬ, ಕಲಾವಿದರು ಬಂದು ಉಳಿಯುವ ಪ್ರಸಿದ್ಧ ಜಾಗದಲ್ಲೂ ಇದೆ, ಆದ್ದರಿಂದ ಶುಲ್ಕವೆಂದರೆ ಕೀಳೆಂದು ತಿಳಿಯಬೇಕಾಗಿಲ್ಲ. ಆದರೆ ಶುಲ್ಕ ಕೊಡಬಲ್ಲವರೇ ಬರುವ ಜಾಗವಾದರೆ ನಿಮ್ಮ ಉದ್ದೇಶ ಕೆಡುತ್ತದೆ. ಊಟದ ಖರ್ಚನ್ನು ಮಾತ್ರ ಶಕ್ತಿಯಿದ್ದವರಿಂದ ಪಡೆಯಿರಿ, ಅಡುಗೆಯವರಿಗೆ ಮಾತ್ರ ಯಾವ ಕಾರಣಕ್ಕೂ ಸಂಬಳ ತಪ್ಪಿಸಬೇಡಿ. ಕಲೆಯ ಕೆಲಸಗಳಿಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಅರ್ಜಿಗಳನ್ನೂ ಸ್ವೀಕರಿಸುತ್ತದೆ. ನಿಮ್ಮಲ್ಲಿಗೆ ಬರುವ ಕಲಾವಿದರಿಗೆ ಆ ಮಾಹಿತಿಯನ್ನು ಕೊಡಿ.

ಉತ್ತರ 4 (ಮಧುಗಿರಿಯಿಂದ, ಕಥೆ ಬರೆಯುವವಳು)

ಮೇಷ್ಟ್ರು ಹೇಳಿದ ಯಾರೂ ಕದಲಿಸದ ಹೊತ್ತು ನಮ್ಮಂಥ ಹೆಣ್ಣುಮಕ್ಕಳಿಗೆ ಎಲ್ಲರಿಗಿಂತ ಕಡಿಮೆ ಸಿಗುತ್ತದೆ. ಒಂದು ತಿಂಗಳು ಮನೆ ಬಿಟ್ಟು ಬರುವುದು ಬಹಳ ಮಂದಿಗೆ ಸಾಧ್ಯವೇ ಇಲ್ಲ, ಹಾಗಾಗಿ ಅವಧಿಯನ್ನು ಹತ್ತು ದಿನಕ್ಕೂ ಇಡಿ, ತಿಂಗಳಿಗೂ ಇಡಿ. ಒಂದು ಕೋಣೆಯನ್ನು ಮಗುವಿನ ಜೊತೆ ಬರುವವರಿಗೆಂದು ಮೀಸಲಿಡಿ, ಮಗುವನ್ನು ಹಗಲು ನೋಡಿಕೊಳ್ಳಲು ಊರಿನ ಯಾರಾದರೂ ಅಜ್ಜಿಯನ್ನು ಸಂಬಳ ಕೊಟ್ಟು ಗೊತ್ತುಮಾಡಿ. ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳುವ ಚಿಲಕ, ಕೋಣೆಗೆ ಹತ್ತಿರದಲ್ಲೇ ಬಚ್ಚಲು ಮತ್ತು ಶೌಚಾಲಯ, ಹಿತ್ತಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಉರಿಯುವ ದೀಪ, ಇವುಗಳ ಫೋಟೊಗಳನ್ನು ಅರ್ಜಿಯ ಜೊತೆಯಲ್ಲೇ ಹಾಕಿದರೆ ನಮ್ಮ ಮನೆಗಳಲ್ಲಿ ಒಪ್ಪಿಗೆ ಪಡೆಯುವುದು ಸುಲಭವಾಗುತ್ತದೆ. ನಮ್ಮ ಸೀಮೆಯ ಬಹಳ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ತರಿಸುವ ಏರ್ಪಾಟನ್ನೂ ಮರೆಯಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಉಳಿದು ಹೋಗುವವರಿಂದ ಪುಸ್ತಕವನ್ನೋ ಚಿತ್ರವನ್ನೋ ಕಡ್ಡಾಯವಾಗಿ ಕೇಳಬೇಡಿ. ಕೆಲವರಿಗೆ ಅಲ್ಲಿ ಕಾದಂಬರಿ ಮುಗಿಯುತ್ತದೆ, ಕೆಲವರು ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸದಾಗಿ ಆರಂಭಿಸಿ ಹೊರಡುತ್ತಾರೆ, ಎರಡೂ ಕೆಲಸವೇ. ನೀವು ಅರ್ಜಿ ಕರೆದ ದಿನ ಇಲ್ಲಿ ತಿಳಿಸಿ, ಮಧುಗಿರಿ, ಕೊರಟಗೆರೆ, ಗೌರಿಬಿದನೂರಿನ ಕಡೆ ಬರೆಯುತ್ತಿರುವ ಹೆಣ್ಣುಮಕ್ಕಳಿಗೆ ನಾನೇ ತಲುಪಿಸುತ್ತೇನೆ.